ತೊಂಬತ್ತೆರಡು ಡಿಗ್ರಿ

ಊರ ಹೆಸರು ಸೂರ್.
ವಿಳಾಸ ಬರೆದು ಕಳಿಸಿದಾಗ ಅವ್ವ ಓದಿದ್ದು ಸೂರು ಅಂತ.
‘ಸೂರು ಸಿಕ್ತಲ್ಲ, ಸಾಕು ಬಿಡು’ ಅಂದಳು.
ಸೂರಿನ ಬಾಡಿಗೆ ನೂರಾ ಎಂಬತ್ತು ರಿಯಾಲು ಎಂದು
ನಾನು ಹೇಳಲಿಲ್ಲ.

ಯಂತ್ರದ ಬೆಲೆ ನೂರಾ ಮೂವತ್ತೊಂದು.
ಅಂಗಡಿಯ ಷಂಸೀರ್ ಅದರ ಬೆನ್ನು ಸವರುತ್ತ
ಮಾರಾಟದ ಕುದುರೆ ತೋರಿಸುವವನಂತೆ
‘ಕೈಯಲ್ಲೇ ಜೋಡಿಸಿದ್ದು ಮೇಡಂ, ತಾಮ್ರದ ಕಾವು,
ಒಂಬತ್ತು ತೂತಿನ ತುಂತುರು, ಐದು ವರ್ಷ ಗ್ಯಾರಂಟಿ’ ಎಂದ.
‘ಐದು ವರ್ಷ ನಮ್ಮ ವೀಸಾಕ್ಕೇ ಇಲ್ಲ’ ಎಂದ ಕೊಟ್ರೇಶ.
ಕೈ ಮಾತ್ರ ಅದರ ಮೇಲಿಂದ ತೆಗೆಯಲಿಲ್ಲ.

ಮನೆಯಲ್ಲಿರುವುದು ಒಂಬತ್ತು ರಿಯಾಲಿನದು.
ಉಬ್ಬಸದ ಮುದುಕನ ಹಾಗೆ ಗೊರಗೊರಗುಟ್ಟಿ
ಪುಡಿಯ ಒಂದೇ ಕಡೆಗೆ ನೀರುಗುಳುತ್ತದೆ;
ನಡುವೆ ಹೊಂಡ, ಸುತ್ತ ಒಣ ದಂಡೆ.
ಕಡಲಿನ ಉಪ್ಪು ತೆಗೆಯುವ ಕಾರ್ಖಾನೆಯ ಲ್ಯಾಬಿನವಳು ನಾನು,
ಅಳೆಯದೆ ನಂಬುವುದು ಬಾರದು.
ಥರ್ಮಾಮೀಟರು ತಂದು ಅದ್ದಿ ನೋಡಿದೆ:
ಎಪ್ಪತ್ತೊಂಬತ್ತು.
ಪುಡಿ ಬಾಯಿ ಬಿಡಬೇಕಾದರೆ ತೊಂಬತ್ತೆರಡಾದರೂ ಬೇಕು.
ಹದಿಮೂರು ಡಿಗ್ರಿ ಕಮ್ಮಿ ಬಿದ್ದ ಬೆಳಗುಗಳನ್ನು
ಮೂರು ವರ್ಷ ಕುಡಿದಿದ್ದೇವೆ
‘ಚೆನ್ನಾಗಿದೆ’ ಎಂದು ಒಬ್ಬರಿಗೊಬ್ಬರು ಹೇಳಿಕೊಂಡು.

ಮೇಲಿನ ಹಲಗೆಯಲ್ಲಿ ಹಿತ್ತಾಳೆಯ ಫಿಲ್ಟರೂ ಇದೆ.
ಅದೂ ಹನಿ ಹನಿಯೇ. ಕರೆಂಟು ಕೇಳುವುದಿಲ್ಲ,
ಯಾರಿಗೂ ಗ್ಯಾರಂಟಿ ಕೊಟ್ಟದ್ದಿಲ್ಲ.
ಆದರೆ ಅದಕ್ಕೆ ಹಾಲು ಬೇಕು, ಹಾಲಿಗೆ ಹೊತ್ತು ಬೇಕು,
ಒಲೆಯ ಮುಂದೆ ಯಾರೋ ಒಬ್ಬರು ನಿಲ್ಲಬೇಕು.
ನಾನು ಐದೂವರೆಗೆ ಬಸ್ಸು ಹತ್ತುವವಳು,
ಅವನು ಆರೂವರೆಗೆ ಕಲ್ಹಾತಿನ ಅನಿಲ ಸ್ಥಾವರದ ವ್ಯಾನಿನಿಂದ ಇಳಿಯುವವನು.
ಹಾಲಿಲ್ಲದ ಕಾಫಿ ಕಲಿತದ್ದೂ ಅಲ್ಲೇ, ರಾತ್ರಿಪಾಳಿಯಲ್ಲಿ,
ಯಾರೋ ಒಬ್ಬ ಫಿಲಿಪೀನಿಯವನಿಂದ.
ಪಾಳಿ ತಿರುಗುವತನಕ ನಮ್ಮ ಸಂಸಾರವೆಂದರೆ
ಬಿಸಿತಟ್ಟೆಯ ಮೇಲೆ ಒಂದು ಗಂಟೆ ಕಾದು
ಸೀದು ಕಹಿಯಾದ ಅರ್ಧ ಜಗ್ಗು.

ರೂಪಾಯಿಗೆ ತಿರುಗಿಸಬಾರದು ಎಂದುಕೊಂಡಿದ್ದೆ. ತಿರುಗಿಸಿದೆ.
ಮೂವತ್ತು ಸಾವಿರದ ಹತ್ತಿರ.
ಹರಿಹರದಲ್ಲಿ ಅರ್ಧ ಸ್ಕೂಟರು.

ಉಮ್ ಸಾಲಿಮಳ ಮನೆಯಲ್ಲಿ ವಿಚಾರ ಎತ್ತಿದೆ.
ಏಲಕ್ಕಿಯ ಕಹ್ವಾ, ಖರ್ಜೂರ,
ಬಟ್ಟಲು ಅಲ್ಲಾಡಿಸುವತನಕ ಸುರಿಯುವ ಕೈ
ಬೆಲೆ ಕೇಳಿ ನಡುವೆಯೇ ನಿಂತಿತು.
‘ಅಷ್ಟಕ್ಕೆ ಒಂದು ಆಡು ಬರುತ್ತಲ್ಲೇ, ಅದೂ ಗಬ್ಬದ್ದು!’
ಆಡು ಮುಟ್ಟದ ಸೊಪ್ಪಿಲ್ಲ, ನಿಜ;
ಕಾಫಿ ಸೋಸುವ ಆಡು ನಾನು ಕಂಡಿಲ್ಲ
ಎನ್ನಬೇಕೆನಿಸಿತು. ನನ್ನ ಅರಬಿ ಅಷ್ಟು ದೂರ ಹೋಗಲಿಲ್ಲ.

ಹೇಳಿ ಕೇಳಿ ಕಾಫಿ ನೂರಕ್ಕೆ ತೊಂಬತ್ತೆಂಟು ನೀರು.
ಆ ನೀರು ಮೊನ್ನೆ ಕಡಲಾಗಿತ್ತು.
ಉಪ್ಪು ಕಳೆದ ಮೇಲೆ ಪೆದ್ದಾಗುತ್ತದೆ,
ಸುಣ್ಣಕಲ್ಲಿನ ಮೇಲೆ ಹಾಯಿಸಿ
ಒಂದಿಷ್ಟು ಬುದ್ಧಿ ಕಲಿಸಿ ಊರಿಗೆ ಬಿಡುತ್ತೇವೆ.
ಅಷ್ಟೆಲ್ಲ ಪಟ್ಟು ಬಂದದ್ದನ್ನು
ಎಪ್ಪತ್ತೊಂಬತ್ತಕ್ಕೇ ನಿಲ್ಲಿಸುವುದು
ಯಾಕೋ ಅನ್ಯಾಯ ಅನಿಸಿತು. ಇದು ಕಾರಣವಲ್ಲ, ನೆಪ.
ತಂದೆವು.

ಬಿಸಿತಟ್ಟೆ ಇಲ್ಲ ಇದಕ್ಕೆ. ಮುಚ್ಚಳದ ಉಕ್ಕಿನ ಹೂಜಿ.
ಮೊದಲ ದಿನ ಐದಕ್ಕೆ ಇಳಿಸಿದೆ: ತೊಂಬತ್ತಮೂರು.
ಅರ್ಧ ಬಗ್ಗಿಸಿಕೊಂಡೆ, ಅರ್ಧ ಬಿಟ್ಟು ಹೊರಟೆ.
ಆರು ನಲವತ್ತಕ್ಕೆ, ಉಪ್ಪಿನ ಲೆಕ್ಕ ಬರೆಯುತ್ತಿದ್ದಾಗ
ಫೋಟೋ ಬಂತು ಫೋನಿಗೆ,
ಲೋಟದೊಳಗೆ ನನ್ನ ಥರ್ಮಾಮೀಟರು. ಎಪ್ಪತ್ತೆರಡು.
ಕೆಳಗೆ ಒಂದೇ ಮಾತು: ‘ಬಾಯಿ ಸುಟ್ಟಿತು.’

ರುಚಿ ಹೆಚ್ಚೇ ಎಂದು ಕೇಳಿದರೆ, ಹೌದು, ಸ್ವಲ್ಪ.
ನೂರಾ ಇಪ್ಪತ್ತೆರಡು ರಿಯಾಲಿನಷ್ಟು ಹೆಚ್ಚಲ್ಲ.
ಕೊಳ್ಳಿ ಎಂದು ಯಾರಿಗೂ ಹೇಳಲಾರೆ,
ಬೇಡವೆನ್ನಲೂ ನಾಲಿಗೆ ಏಳುವುದಿಲ್ಲ.
ಉಮ್ ಸಾಲಿಮ್ ಈಗಲೂ ಸಿಕ್ಕಾಗಲೆಲ್ಲ
‘ಆಡು ಹೇಗಿದೆ?’ ಎಂದು ವಿಚಾರಿಸುತ್ತಾಳೆ.
ಥರ್ಮಾಮೀಟರು ಇನ್ನೂ
ಲ್ಯಾಬಿಗೆ ವಾಪಸು ಹೋಗಿಲ್ಲ.