ಘಂಟಿ ಹಗ್ಗ

ಮೊದಲನೇ ರಾತ್ರಿ ಗೇಟು ಬಡಿದ ಸಪ್ಪಳ ನಾ ಕೇಳೀನಿ.
ಇದನ್ನ ಮೊದಲ ಹೇಳಿಬಿಡತೀನಿ,
ಬಾವಿ ಕತಿ ಹೇಳೂ ಹುರುಪಿನ್ಯಾಗ ಮರತ ಬಿಟ್ಟೇನು.

ಹಳೇ ಹುಬ್ಬಳ್ಳಿ ಕಡೆ ಹೊಗಿ ಎದ್ದಿತ್ತು,
ಟೈರು ಸುಟ್ಟ ನಾತ ನಮ್ಮ ಮಿಶನ್ ಓಣಿ ತನಕ.
ಶೀಲವತಿ ದೀಪಾ ಆರಿಸಿದ್ಲು.
"ಅವರಿಗೂ ನಮಗೂ ಏನು ಸಂಬಂಧ,
ನಾವು ಯಾರ ಕಡೆಯವರೂ ಅಲ್ಲ" ಅಂದೆ.
ಮೂರು ಸಲ ಅಂದೆ ಅಂತ ಆಕಿ ಈಗ ಹೇಳತಾಳ.
ಗೇಟಿನ ಆಚೆ ಒಂದು ದನಿ, ಇನ್ನೂ ಒಡೆಯೂ ವಯಸ್ಸಿಂದು.
ಆಮ್ಯಾಲ ಓಡಿದ ಕಾಲು.
ಅದರ ಹಿಂದ ಭಾಳ ಕಾಲು.
ನಸಿಕಿನ್ಯಾಗ ಕೋಳಿ ಕೂಗಿತು.
ನಮ್ಮ ಓಣ್ಯಾಗ ಕೋಳಿ ಸಾಕಿದವ್ರು ಯಾರೂ ಇಲ್ಲ.

ಗೇಟಿನ ಬುಡಕ ಒಂದು ಚಪ್ಪಲಿ, ಎಡಗಾಲಿಂದು, ಬಾರು ಕಿತ್ತಿತ್ತು.
ಚಪ್ಪಲಿ ನೋಡಿದ್ರ ಯಾರ ಪೈಕಿ ಅಂತ ತಿಳಿಯೂದಿಲ್ಲ.
ತಿರುಗಿಸಿ ತಿರುಗಿಸಿ ನೋಡಿದೆ ನಾ.
ಅದಕ್ಕೂ ಈಗ ನಾಚಿಕಿ ಬರತೈತಿ.

ಕರ್ಫ್ಯೂ ಆರನೇ ದಿನ.
ನಮ್ಮಲ್ಲಿ ನಳ ಎಂಟು ದಿನಕ್ಕೊಮ್ಮೆ,
ಅದೂ ವಾಲ್ವ್‌ಮನ್ ಬಂದು ಕೀಲಿ ತಿರುವಿದ್ರ.
ಅಂವ ಎಲ್ಲೋ ನೇಕಾರನಗರದಾಗ ಸಿಕ್ಕೊಂಡಿದ್ದ.
ನೀರು ಟಾಕ್ಯಾಗ ಸುಮ್ಮನ ಕೂತಿತ್ತು.

ದೇವಾಲಯದ ಹಿಂದ ಬಾವಿ ಐತಿ, ಜರ್ಮನ್ ಪಾದ್ರಿಗಳು ತೋಡಿಸಿದ್ದು.
ತಗಡು ಮುಚ್ಚಿ ಮ್ಯಾಲ ಮುರಕ ಬೆಂಚು ಹೇರಿ
ಹದಿನೈದು ವರ್ಷ ಆಗಿತ್ತು.
ಸಡಿಲಿಕಿ ಎರಡ ತಾಸು. ಜಯಕರ ಅಯ್ಯನವರು
ಪ್ರಸಂಗಾ ಬರದಿದ್ದ ಹಾಳಿ ಮಡಚಿ ಕಿಸೆಕ್ಕಿಟ್ಟು
ತಗಡಿಗೆ ಕೈ ಹಚ್ಚಿದ್ರು. ನಾನೂ ಹಚ್ಚಿದೆ.
ತಳದಾಗ ನೀರು ಕರ್ರಗ ಹೊಳೀತು.
ಹಗ್ಗ ಇಲ್ಲ. ಅಂಗಡಿ ಎಲ್ಲಾ ಬಂದ್.
ಅಯ್ಯನವರು ಗೋಪುರದ ಕಡೆ ನೋಡಿದ್ರು,
ಆಮ್ಯಾಲ ನನ್ನ ಕಡೆ.

ಮೂವತ್ತೊಂದು ವರ್ಷ ಆ ಹಗ್ಗ ಜಗ್ಗೀನಿ.
ಮದಿವಿಗೆ ಜಗ್ಗೀನಿ, ಮಣ್ಣಿಗೆ ಜಗ್ಗೀನಿ,
ನಮ್ಮಪ್ಪ ಹೋದಾಗ ವಯಸ್ಸು ಎಣಿಸಿ ಎಂಬತ್ತೆರಡು ಸಲ.
ಏಣಿ ಹತ್ತಿ ಗಂಟು ಬಿಚ್ಚೂ ಮುಂದ ಘಂಟಿ ಒಮ್ಮೆ ಟಣ್ ಅಂತು,
ಪೊಲೀಸರು ಲಾಠಿ ಹಿಡಕೊಂಡು ಓಡಿ ಬಂದ್ರು.
ಮೊದಲನೇ ಕೊಡದ ನೀರು ಕುಡದಾಂವ
ಅವರಾಗ ಒಬ್ಬ.

ಕಾಟಿಗರ ತುಳಜಾಬಾಯಿದು ಹಿತ್ತಾಳಿ ಕೊಡ,
ಖೈರುನ್ಬಿದು ಪೇಂಟಿನ ಡಬ್ಬಿ.
ಒಬ್ಬರ ಮಾರಿ ಒಬ್ಬರು ನೋಡಲಿಲ್ಲ.
ಒಬ್ಬಾಕಿ ಇಟ್ಟದ್ದನ್ನ ಇನ್ನೊಬ್ಬಾಕಿ ಕಾಲಿಲೆ ಸರಿಸಿದ್ಲು,
ಹತ್ತಿತು ನೋಡ್ರಿ ಜಗಳ,
ಅವ್ವ ಅಪ್ಪನ್ನೆಲ್ಲಾ ತಗದು ಬೈದಾಡಿದ್ರು,
ಪಾಳಿ ಸಂಬಂಧ, ಬರೇ ಪಾಳಿ ಸಂಬಂಧ.
ಐದು ದಿನದ ಮ್ಯಾಲ ಊರಾಗ
ಮನಷ್ಯಾರ ಜಗಳ ಕೇಳಿ
ನನಗ ಅಳು ಬಂತು.

ಒಬ್ಬಾಕಿ ಮಗ ದವಾಖಾನ್ಯಾಗ, ಒಬ್ಬಾಕಿ ಗಂಡ ಠಾಣ್ಯಾಗ.
ಇದು ಆಮ್ಯಾಲ ಗೊತ್ತಾತು.
ಹಗ್ಗ ಜಗ್ಗೂ ಮುಂದ ಬೆನ್ನು ಏನೂ ಹೇಳೂದಿಲ್ಲ.

ನಾ ಒಳಗ ಹೋಗಿ ಚಪ್ಪಲಿ ತಂದೆ.
ತುಳಜಾಬಾಯಿ ನೋಡಿದ್ಲು. ಅಲ್ಲ ಅಂದ್ಲು.
ಖೈರುನ್ಬಿ ಕೈಯಾಗ ಹಿಡದು ನೋಡಿದ್ಲು. ಅಲ್ಲ.
ಆಮ್ಯಾಲ ಇಬ್ಬರೂ ಕೂಡಿ ನೋಡಿದ್ರು.
"ಯಾವ ತಾಯಿ ಹಡದ ಕೂಸೋ"
ಇಬ್ಬರಾಗ ಯಾರು ಅಂದ್ರೋ ನನಗ ನೆನಪಿಲ್ಲ.

ಆ ಭಾನುವಾರ ಆರಾಧನಿ ಇಲ್ಲ, ಘಂಟಿ ಇಲ್ಲ.
ಗಡಗಡಿ ಕಿರ್ ಕಿರ್ ಅಂತಿತ್ತು, ಎಣ್ಣಿ ಕಾಣದ್ದು,
ಅಯ್ಯನವರ ಅಂಗೈ ಬೊಬ್ಬಿ ಒಡದು
ನೀರಾಗ ನೀರು ಕೂಡಿತು.

ಈಗ ಹಗ್ಗ ಮತ್ತ ಮ್ಯಾಲ ಹೋಗೇತಿ.
ಜಗ್ಗಿದ್ರ ಕೈಗೆ ಪಾಚಿ ವಾಸನಿ ಹತ್ತತೈತಿ.
ಸಭಾಹಿರಿಯರು ನೈಲಾನ್ ತರತೀವಿ ಅಂದಾರ. ತರಲಿ.
ಚಪ್ಪಲಿ ಕಪಾಟಿನ ಕೆಳಗಿನ ಖಣದಾಗ ಐತಿ,
ಮ್ಯಾಲಿನ ಖಣದಾಗ ಕರ್ತನ ಭೋಜನದ ಬಟ್ಟಲಾ.
ಬೆಳ್ಳಿ ತಿಕ್ಕೂ ದಿನ ಶೀಲವತಿ
ಅದನ್ನೂ ಝಾಡಿಸಿ ಇಡತಾಳ.
ಕೇಳಿಕೊಂಡು ಯಾರೂ ಬಂದಿಲ್ಲ.

ರಾತ್ರಿ ಗೇಟಿಗೆ ಈಗ ಚಿಲಕಾ ಹಾಕೂದಿಲ್ಲ.
ನಾಯಿ ಬರತಾವ.
ಬರಲಿ.