ಮೂವತ್ತು-ನಲವತ್ತು

ಈ ಊರಲ್ಲಿ ಮೂವತ್ತು-ನಲವತ್ತು ಅಂದರೆ
ಏನದು ಅಂತ ಯಾರೂ ಕೇಳುವುದಿಲ್ಲ.
ಯಾವ ದಿಕ್ಕು, ಕಾರ್ನರಾ, ಖಾತೆ ಆಗಿದೆಯಾ,
ಅಷ್ಟೇ.
ಎಸ್.ಪಿ. ರೋಡಿನ ಲೇಸರ್ ಅಂಗಡಿಯ ನೌಶೀನ್ ಮಾತ್ರ
ಮೆಶಿನ್ನಿನಿಂದ ತಲೆ ಎತ್ತದೆ ಕೇಳಿದಳು:
ಇಂಚಾ, ಎಂಎಮ್ಮಾ?

ಎಂಎಂ, ತಾಯಿ.
ಅದರ ಮೇಲೆ ಕುದುರೆ ನಿಲ್ಲಬೇಕು.

ಮೂವತ್ತೊಂದು ವರ್ಷ ಬಡಾವಣೆಗಳ ನಕ್ಷೆ ಬರೆದವನು ನಾನು,
ನಾಗರಬಾವಿಯ ಎಷ್ಟೋ ಅಡ್ಡರಸ್ತೆ ನನ್ನ ಪೆನ್ಸಿಲಿನವು.
ಈಗ ಸೀಸದ ಸಿಪಾಯಿಗಳಿಗೆ
ಕಾಲಡಿ ನೆಲ ಅಲಾಟ್ ಮಾಡುತ್ತೇನೆ.
ಬರುವ ಭಾನುವಾರ ಕುಕ್ ಟೌನಿನಲ್ಲಿ
ಕ್ಲೆಮೆಂಟನ ಊಟದ ಮೇಜಿನ ಮೇಲೆ
ಬೆಂಗಳೂರು ಕೋಟೆಗೆ ಮತ್ತೆ ಮುತ್ತಿಗೆ.

ಕ್ಲೆಮೆಂಟ್ ದುಂಡು ಪಕ್ಷ.
ದುಂಡಗಿದ್ದರೆ ಎತ್ತ ಬೇಕಾದರೂ ತಿರುಗಬಹುದು,
ಮಗ್ಗುಲಿಲ್ಲ, ಬೆನ್ನಿಲ್ಲ, ಒಬ್ಬನೇ ರಾಜ.
ನಾನು ಚೌಕ.
ಚೌಕಕ್ಕೆ ಪಕ್ಕದವನು ಅಂತ ಒಬ್ಬನಿರುತ್ತಾನೆ.
ಇಪ್ಪತ್ತಕ್ಕಿಪ್ಪತ್ತು ಕೊಟ್ಟರೆ ಭುಜಕ್ಕೆ ಭುಜ ಉಜ್ಜುತ್ತದೆ,
ಚಿಕ್ಕಪೇಟೆಯ ಸಾಲಂಗಡಿಯ ಹಾಗೆ
ಗೋಡೆ ಒಂದೇ, ಬಾಗಿಲು ಬೇರೆ.
ಇಪ್ಪತ್ತೈದು ಕೊಟ್ಟರೆ ಸೆಟ್‌ಬ್ಯಾಕ್ ಬಿಟ್ಟ ಮನೆ, ಗಾಳಿಯಾಡುತ್ತದೆ;
ಆದರೆ ನೂರು ಜನ ಸಾಲಾಗಿ ನಿಂತರೆ
ಆ ಐದೈದೇ ಸೇರಿ ಅರ್ಧ ಮೀಟರು.
ಕೊನೆಯ ಎಂಟು ಜನ
ಮೇಜಿನಾಚೆ, ಗಾಳಿಯಲ್ಲಿ.

ಹೋದ ವರ್ಷ ಹಳೆಯ ನಾಲ್ಕಾಣೆಗಳಿಗೆ ಅಂಟಿಸಿದ್ದೆವು.
ಹತ್ತೊಂಬತ್ತು ಎಂಎಂ, ದುಂಡಗೆ,
ಸರ್ಕಾರವೇ ಕತ್ತರಿಸಿ ಕೊಟ್ಟದ್ದು, ಮಜೂರಿಯಿಲ್ಲ.
ತೂಕವಿತ್ತು, ಫ್ಯಾನ್ ಹಾಕಿದರೂ ಬೀಳಲಿಲ್ಲ.
ಯಾವ ಅಂಗಡಿಯಲ್ಲೂ ನಡೆಯದ ದುಡ್ಡಿನ ಮೇಲೆ ನಿಂತು
ಅರವತ್ತು ಜನ ಮುನ್ನುಗ್ಗಿದ್ದರು.

ಕುದುರೆಗೆ ಮೂವತ್ತು-ನಲವತ್ತು.
ಆನೆಗೆ ನಲವತ್ತು-ಅರವತ್ತು, ದೊಡ್ಡವರ ಸೈಟು.
ಫಿರಂಗಿಗೆ ಮುಂದೆ ಕಿರಿದು ಹಿಂದೆ ಅಗಲ,
ವಾಸ್ತುವಿನವರು ನೋಡಿದರೆ ಗೋಮುಖ, ತುಂಬಾ ಶುಭ
ಅನ್ನುತ್ತಿದ್ದರೇನೋ.

ಅಂಕಲ್, ಅಂದಳು ನೌಶೀನ್,
ಲೇಸರ್ ಗೆರೆನೂ ಜಾಗ ತಿನ್ನತ್ತೆ. ಪಾಯಿಂಟ್ ಎರಡು.
ಮೂವತ್ತು ಬೇಕಂದ್ರೆ ಮೂವತ್ತು ಪಾಯಿಂಟ್ ಎರಡು ಹಾಕ್ಬೇಕು.

ಸುಟ್ಟ ಎಂಡಿಎಫ್ ವಾಸನೆ. ನಾನು ಸುಮ್ಮನೆ ನಿಂತೆ.
ಮೂವತ್ತೊಂದು ವರ್ಷ ಇದನ್ನು ಯಾರೂ ಹೇಳಿರಲಿಲ್ಲ.
ಗೆರೆಗೆ ಅಗಲವಿಲ್ಲವೆಂದೇ ಎಳೆದೆ.
ಒಂದು ಸಲ ನನ್ನ ಗೆರೆ
ಪಿಳ್ಳಪ್ಪನ ಹೂದೋಟದ ಬಾವಿಯ ಮೇಲೆ ಹಾದಿತ್ತು.
ಕಾಗದದಲ್ಲಿ ಕಾಲು ಎಂಎಂ.
ಅವನು ಆಫೀಸಿಗೆ ಬಂದು, ಕನಕಾಂಬರದ ಪೊಟ್ಟಣ ಮೇಜಿನ ಮೇಲಿಟ್ಟು,
ಇಲ್ಲಿ ಸ್ವಲ್ಪ ಉಜ್ಜಿ ಸ್ವಾಮಿ, ಅಂದಿದ್ದ.
ನಾನು ಇಂಕಿನಲ್ಲಿದೆ ಅಂದಿದ್ದೆ.

ಡಬ್ಬಿಯ ತಳದಲ್ಲಿ ಇನ್ನೂ ಇಬ್ಬರು ಉಳಿದಿದ್ದರು:
ಜೋಳದ ಚೀಲ ಹೊತ್ತ ಎತ್ತು,
ಅದರ ಪಕ್ಕ ಕನ್ನಡಿ ಲಂಗದ ಲಂಬಾಣಿ ಹೆಂಗಸು.
ನಿಯಮದ ಪುಸ್ತಕ ಹಿಂದೆ ಮುಂದೆ ತಿರುವಿದೆ,
ಹೊಡೆದಾಡದವರಿಗೆ ಅಳತೆ ಕೊಟ್ಟಿಲ್ಲ.

ಇದು ವೇಸ್ಟು, ತಗೊಳ್ಳಿ, ದುಡ್ಡು ಬೇಡ,
ಎಂದು ನೌಶೀನ್ ಮುಂದೆ ತಳ್ಳಿದ್ದು
ನಾಲ್ಕು ದುಂಡು ಕತ್ತರಿಸಿದ ಮೇಲೆ ನಡುವೆ ಉಳಿದ ಚೂರು:
ಮೂಲೆ ಚೂಪು, ಬದಿಗಳೆಲ್ಲ ಒಳಕ್ಕೆ ಬಾಗಿವೆ.
ನಮ್ಮ ಇಲಾಖೆಯಲ್ಲಿ ಇದಕ್ಕೆ ಹೆಸರಿರಲಿಲ್ಲ,
ಆಡ್ ಸೈಟ್ ಎಂದು ಬರೆದು ಮುಂದೆ ಹೋಗುತ್ತಿದ್ದೆವು.

ರಾತ್ರಿ ಅದರ ಮೇಲೆ ಇಬ್ಬರನ್ನೂ ನಿಲ್ಲಿಸಿದೆ.
ಎತ್ತಿನ ಹಿಂಗಾಲೊಂದು ಹೊರಗೇ ಉಳಿಯಿತು.
ಫೋನಿನಲ್ಲಿ ಕ್ಲೆಮೆಂಟ್: ಸರಿ ಕಣಯ್ಯ,
ಆದರೆ ಇದರ ದೂರವನ್ನು ಎಲ್ಲಿಂದ ಅಳೆಯೋದು?
ಭಾನುವಾರ ನೋಡೋಣ ಅಂದೆ.
ಫೆವಿಕ್ವಿಕ್ ಒಣಗುತ್ತಿದೆ.
ಆ ಚೂರು ನನ್ನ ಹೆಬ್ಬೆರಳಿಗೂ ಅಂಟಿಕೊಂಡಿದೆ,
ಮೆಲ್ಲಗೆ ಬಿಡಿಸಬೇಕು.