ಸಂದಿಗೊಂದು ಬಲ್ಬು

ಬೆಳಗಾವಿ ರವಿವಾರ ಪೇಟೆಯ ಅಂಗಡಿಯವ
ಮೂರು ಬಲ್ಬು ಹಚ್ಚಿ ತೋರಿಸಿದ.
ಒಂದು ಹಾಲಿನ ಹಂಗ, ಒಂದು ತುಪ್ಪದ ಹಂಗ,
ಇನ್ನೊಂದು ಅದೂ ಅಲ್ಲ ಇದೂ ಅಲ್ಲ, ನೀರು ಹಾಕಿದ ಮಜ್ಜಿಗಿ.
"ಯಾವ ಖೋಲಿಗ್ರಿ ಅಕ್ಕಾರ?"
ಖೋಲಿಗಲ್ಲಪಾ, ಸಂದಿಗೆ.

ಶಹಾಪುರದ ಮನಿ ನಿನಗೂ ಗೊತ್ತು:
ಅಗಲ ಎರಡು ಮಾರು, ಉದ್ದ ರೈಲಿನ ಡಬ್ಬಿ.
ಬೀದಿ ಬಾಗಿಲಿಂದ ಹಿತ್ತಲ ಬಾವಿತನಕ
ಇಪ್ಪತ್ತೆರಡು ಹೆಜ್ಜಿ, ನಡುವ ಒಂದು ಕಿಟಕಿ ಇಲ್ಲ.
ಮಟಮಟ ಮಧ್ಯಾಹ್ನದಾಗೂ ಅಲ್ಲಿ ರಾತ್ರಿ ಎಂಟು ಗಂಟೆ.

ವಾಟ್ನಿ ಆದಾಗ ಪಂಚರು ಎಲ್ಲಾ ಹಂಚಿದರು.
ಎಡಕಿನ ಖೋಲಿ ನಮಗ, ಬಲಕಿನವು ಮೈದುನಗ,
ತಿಜೋರಿ ಅವರಿಗೆ, ಹಿತ್ತಾಳಿ ಹಂಡೆ ನಮಗ,
ಮಗ್ಗ ಮಾರಿ ಬಂದದ್ದು ಸಮಸಮ.
ಸಂದಿ ಮಾತ್ರ ಇಬ್ಬರದೂ.
ಇಬ್ಬರದೂ ಅಂದರ ಯಾರದೂ ಅಲ್ಲ.
ಇದ್ದೊಂದು ಬಲ್ಬು ಅದೇ ಶ್ರಾವಣದಾಗ ಸುಟ್ಟು ಹೋತು.
ಹೊಸಾದು ಹಾಕೂದು ಯಾರ ಮೀಟರಿಗೆ?

ಹದಿನಾಲ್ಕು ವರ್ಷ
ನೆಗೆಣ್ಣಿ ಮಲಪ್ರಭಾನ್ನ ನಾ ಕಿವಿಲೆ ನೋಡೇನಿ.
ಎಡಗಾಲು ತುಸು ಎಳದು ಇಡತಾಳ.
ಕೊಡ ತುಂಬಿದ್ದರ ಉಸಿರು ಬಾಯಿಂದ, ಖಾಲಿ ಇದ್ದರ ಮೂಗಿಂದ.
ಬಳಿ ಸಪ್ಪಳ ಬಂದರ ನಾ ಈ ಗೋಡಿಗೆ ಹತ್ತತೀನಿ,
ನನ್ನ ಕೆಮ್ಮು ಕೇಳಿದರ ಆಕಿ ಆ ಗೋಡಿಗೆ.
ಸೆರಗಿಗೆ ಸೆರಗು ತಾಕಸದ ದಾಟೂದು
ಇಬ್ಬರೂ ಚಂದಾಗಿ ಕಲತೇವಿ.
ಮದುವಿ ಮನ್ಯಾಗ ಕಂಡೇನಿ, ಖರೆ.
ಅದು ಪೌಡರ್ ಹಚ್ಚಿದ ಮುಖ, ಲೆಕ್ಕಕ್ಕಿಲ್ಲ.

ಹೋದ ವಾರ ಕತ್ತಲದಾಗ ಏನೋ ಬಿದ್ದ ಸಪ್ಪಳ.
ಕೊಡ ಉರುಳಿ ಉರುಳಿ ನನ್ನ ಹೊಸ್ತಿಲಿಗೆ ಬಂದು ನಿಂತಿತು.
ಆಕಿ ಅಯ್ಯೋ ಅನ್ನಲಿಲ್ಲ.
ನಾ ಬಾಗಿಲ ಹಿಂದ ನಿಂತು, ಚಿಲಕದ ಮ್ಯಾಲೆ ಕೈ ಇಟ್ಟು,
ಆಕಿ ಎದ್ದು ಹೋಗೂತನಕ ಉಸಿರು ಎಣಿಸಿದೆ.
ಮೂಗಿಂದಲ್ಲ, ಬಾಯಿಂದಲ್ಲ,
ಬ್ಯಾರೇನ ಇತ್ತು ಆ ಉಸಿರು.

"ಬಿಳೇದು ತಗೋರಿ, ಸೂಜಿ ಬಿದ್ದರೂ ಸಿಗತೈತಿ."
ಸೂಜಿ ಬ್ಯಾಡ ನನಗ. ಇಷ್ಟು ವರ್ಷದ ಮ್ಯಾಲೆ
ಒಮ್ಮೆಲೆ ಅಷ್ಟು ಬೆಳಕು ಇಬ್ಬರಿಗೂ ಹೆಚ್ಚಾದೀತು.
"ಸೆನ್ಸಾರ್ ಐತ್ರಿ, ಯಾರರ ಬಂದರ ತಾನ ಹತ್ತತೈತಿ."
ಯಾರರ ಅಂದರ?
ಯಾವ ಕಡಿಯವರು ಅಂತ ಕೇಳೂದಿಲ್ಲೇನು ಅದು?
ಅಂಗಡಿಯವ ನಕ್ಕ. ಅವಗೇನು ಗೊತ್ತು.

ತುಪ್ಪದ್ದ ಕೊಡು ಅಂದೆ. ಸಣ್ಣದು.
ವೈರಮನ್ ದಸ್ತಗೀರ ಸ್ಟೂಲ್ ಏರಿ ಸ್ವಿಚ್ ಎಲ್ಲಿ ಅಂದ.
ಎರಡು ಹಾಕು. ಪಾವಟಿಗಿಗೆ ಹಾಕತಾರಲ್ಲ, ಹಂಗ,
ಈ ತುದಿಗೊಂದು ಆ ತುದಿಗೊಂದು.
ವೈರು ನಮ್ಮ ಮೀಟರಿಗೇ ಜೋಡಸು,
ಯಜಮಾನರಿಗೆ ನಾ ಹೇಳತೀನಿ.

ರಾತ್ರಿ ಹಾಸಿಗಿ ಕೊಡವುವಾಗ
ಆ ತುದಿಯ ಸ್ವಿಚ್ಚು ಟಕ್ ಅಂತು.
ನನ್ನ ಬಾಗಿಲ ಕೆಳಗಿಂದ ಬೆಳಕು ಒಳಗ ಹರದು ಬಂತು.
ತಗದು ನಿಂತೆ.
ಕೂದಲಾ ಅರ್ಧ ಬೆಳ್ಳಗಾಗ್ಯಾವ. ಮೊಣಕೈಗೆ ಪಟ್ಟಿ.
ಆಕಿ ನನ್ನ ನೋಡಲಿಲ್ಲ, ಬಲ್ಬು ನೋಡಿದಳು.
ಎಷ್ಟು ವ್ಯಾಟು?
ಐದು.
ಸಾಕು, ಅಂದಳು.
ಆರಸದ ಹಂಗ ಹೋದಳು.
ಬಿಲ್ಲು ನಮಗ ಏರತಿತ್ತು;
ನಾನೂ ಭಾಳ ಹೊತ್ತು ಆರಸಲಿಲ್ಲ.